ನೆತ್ತದ ಎರಡನೆಯ ಕರೆ

ಭಾರತದ ಕಥೆಯನ್ನು ಅರಿಯದ ಮನೆ ಕನ್ನಡ ನಾಡಿನಲ್ಲಿ ವಿರಳ. ಅದರಲ್ಲಿಯೂ ದ್ಯೂತಪ್ರಸಂಗವನ್ನು ಅರಿಯದವರು ಇಲ್ಲವೆಂದೇ ಹೇಳಬೇಕು. ಭೀಮಾ ನದಿಗೆ ಬ್ಯಾರೇಜು ಕಟ್ಟಿರುವ ಸೊನ್ನದಿಂದ ಮೊದಲುಗೊಂಡು ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲೆಲ್ಲ, ಗಮಕಿಗಳ ವಾಚನದಿಂದಲೋ ದೊಡ್ಡಾಟದ ರಂಗದಿಂದಲೋ ಶಾಲೆಯ ಪಾಠದಿಂದಲೋ, ಶಕುನಿಯ ದಾಳಗಳ ಸದ್ದು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಇಷ್ಟು ಪರಿಚಿತವಾದ ಪ್ರಸಂಗಕ್ಕೆ ಒಂದು ಅಪಾಯವುಂಟು. ಎಲ್ಲರೂ ಬಲ್ಲರೆಂಬ ಕಾರಣದಿಂದಲೇ ಅದನ್ನು ಮತ್ತೊಮ್ಮೆ ಓದುವವರು ಕಡಿಮೆಯಾಗುತ್ತಾರೆ. ಕಥೆಯ ಬದಲಿಗೆ ಕಥೆಯ ಒಂದು ಸಂಕ್ಷೇಪವು ಜನರ ಮನಸ್ಸಿನಲ್ಲಿ ನೆಲೆ ನಿಲ್ಲುತ್ತದೆ.

ಆ ಸಂಕ್ಷೇಪವು ಹೀಗಿದೆ: ಧರ್ಮರಾಜನು ಮುಗ್ಧನು, ಶಕುನಿಯು ಕಪಟಿಯು, ದಾಳಗಳು ಮೋಸದವಾದ್ದರಿಂದ ಪಾಂಡವರು ಸೋತರು. ಆ ದಾಳಗಳು ಶಕುನಿಯ ತಂದೆಯ ಎಲುಬಿನಿಂದ ಆದವೆಂಬ ಜನಪ್ರಿಯ ಕಥೆಯು ವ್ಯಾಸರ ಗ್ರಂಥದಲ್ಲಿ ಇಲ್ಲ. ಆದರೂ ಅದು ಮೂಲಕ್ಕಿಂತ ಹೆಚ್ಚು ಪ್ರಚಾರ ಪಡೆದಿದೆ. ಈ ರೀತಿಯ ಓದಿನಿಂದ ಹೊರಡುವ ನೀತಿಯಾದರೂ ಏನು? ಮೋಸಗಾರನ ಸಂಗಡ ಆಡಬಾರದು ಎಂಬಷ್ಟೇ. ಪ್ರಾಮಾಣಿಕನು ಎದುರಿಗೆ ಕುಳಿತರೆ, ಅದೃಷ್ಟವು ಒಂದಿಷ್ಟು ಒಲಿದರೆ, ಆಟದಲ್ಲಿ ಕೇಡಿಲ್ಲವೆಂದು ಇದರ ಅರ್ಥವಾಗುತ್ತದೆ. ಅಂಕಿಗೆ ಹಣ ಕಟ್ಟಿ ಸೋತು ಮನೆಗೆ ಬಂದವನು ಹೇಳಿಕೊಳ್ಳುವ ಸಮಾಧಾನವೂ ಇದೇ ಆಗಿದೆ. ಹೀಗಿರುವಲ್ಲಿ ಕವಿಗಳು ನಿಜವಾಗಿ ಏನು ಬರೆದಿದ್ದಾರೆಂಬುದನ್ನು ಪುನಃ ನೋಡುವುದು ಕೇವಲ ಪಾಂಡಿತ್ಯದ ವಿಷಯವಾಗಿ ಉಳಿಯುವುದಿಲ್ಲ.

ಮೊದಲು ಆದಿಕವಿಯನ್ನು ನೋಡಬಹುದು. ಪಂಪನು ವಿಕ್ರಮಾರ್ಜುನ ವಿಜಯವನ್ನು ಕ್ರಿ. ಶ. 941ರಲ್ಲಿ ಅರಿಕೇಸರಿಯ ಆಶ್ರಯದಲ್ಲಿ ರಚಿಸಿದನು. ಆ ಅರಿಕೇಸರಿಯು ರಾಷ್ಟ್ರಕೂಟರ ಸಾಮಂತನು. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡವೇ ಆಗಿದೆ. ಈ ಕಾವ್ಯದಲ್ಲಿ ನೆತ್ತದ ಆಟವು ಎರಡು ಕಡೆ ಮುಖ್ಯವಾಗಿ ಬರುತ್ತದೆ. ಒಂದು, ರಾಜ್ಯವನ್ನು ನುಂಗಿದ ದ್ಯೂತ. ಇನ್ನೊಂದು, ಭಾನುಮತಿಯೂ ಕರ್ಣನೂ ಆಡಿದ ಆಟ. ಭಾನುಮತಿಯು ಸೋತಳು, ಪಣವನ್ನು ಕೊಡೆಂದು ಕರ್ಣನು ಕಾಡಿದನು, ಕೊರಳ ಹಾರ ಹರಿದು ಮುತ್ತುಗಳು ಚೆಲ್ಲಿದವು. ಅಲ್ಲಿಗೆ ಬಂದ ದುರ್ಯೋಧನನು ಸಂಶಯಪಡದೆ, ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನು. ಈ ವಿಶ್ವಾಸವನ್ನು ನೆನೆದೇ ಕರ್ಣನು ಒಡೆಯನ ಪಕ್ಷವನ್ನು ಬಿಡಲಾರದವನಾದನು. ರಸಿಕರು ಈ ಪದ್ಯವನ್ನು ಸ್ನೇಹದ ನಿದರ್ಶನವಾಗಿ ಕೊಂಡಾಡುತ್ತಾರೆ, ಅದು ಯುಕ್ತವೇ. ಆದರೆ ಅದೇ ಕಾವ್ಯದ ರಾಜದ್ಯೂತದ ಪಕ್ಕಕ್ಕೆ ಇದನ್ನು ಇಟ್ಟು ನೋಡಿದಾಗ ಇನ್ನೊಂದು ಅರ್ಥವೂ ಹೊಳೆಯುತ್ತದೆ.

ಎರಡೂ ಕಡೆ ಆಟ ಒಂದೇ, ದಾಳ ಒಂದೇ. ಅಂತಃಪುರದ ಆಟದಲ್ಲಿ ಪಣಕ್ಕೆ ಮಿತಿಯುಂಟು, ಸೋತದ್ದನ್ನು ಸೋತಿತೆಂದು ಒಪ್ಪುವುದುಂಟು, ಆಟವು ಮುಗಿಯುವುದುಂಟು. ಚೆಲ್ಲಿದ್ದನ್ನು ಬಾಗಿ ಆಯ್ದುಕೊಂಡರೆ ನಷ್ಟವೂ ತೀರುತ್ತದೆ. ರಾಜಸಭೆಯ ಆಟದಲ್ಲಿ ಈ ಮೂರೂ ಇಲ್ಲ. ವಿನೋದಕ್ಕಾಗಿ ಆಡುವೆನೆಂಬವನಿಗೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯದು. ಆಟಕ್ಕೆ ಕೂಡುವ ಮೊದಲೇ ಕಳೆದುಕೊಳ್ಳಬಹುದಾದ ಹಣವನ್ನೂ ಏಳಬೇಕಾದ ಹೊತ್ತನ್ನೂ ಗೊತ್ತುಮಾಡಿದ್ದಾನೆಯೇ? ಆ ಹಣವು ಮನೆಯ ದಿನಸಿಗಾಗಲಿ ಮಕ್ಕಳ ಶುಲ್ಕಕ್ಕಾಗಲಿ ಸೇರಿದ್ದಲ್ಲವಷ್ಟೇ? ಸಾಲದ ಹಣವಲ್ಲವಷ್ಟೇ? ಸಿಟ್ಟಿನಲ್ಲಿಯೋ ದುಃಖದಲ್ಲಿಯೋ ಆಡಲು ಹೊರಟಿಲ್ಲವಷ್ಟೇ? ಸೋತರೆ ಎದ್ದು ಬರಬಲ್ಲನೆ? ಇವುಗಳಲ್ಲಿ ಒಂದಕ್ಕೆ ಉತ್ತರ ತಪ್ಪಿದರೂ ಆತನು ಭಾನುಮತಿಯ ಅಂತಃಪುರವನ್ನು ಬಿಟ್ಟು ಹಸ್ತಿನಾವತಿಯ ಸಭೆಯನ್ನು ಹೊಕ್ಕನೆಂದೇ ತಿಳಿಯಬೇಕು.

ಇನ್ನು ಆ ಸಭೆಯಲ್ಲಿ ನಡೆದದ್ದನ್ನು ವಿಚಾರಿಸಬೇಕು. ಧರ್ಮರಾಜನು ಮುಗ್ಧನೆಂಬುದನ್ನು ವ್ಯಾಸರೇ ಒಪ್ಪುವುದಿಲ್ಲ. ಕರೆಯಲು ಬಂದ ವಿದುರನೊಡನೆ, ದ್ಯೂತದಿಂದ ಕಲಹವೇ ಹುಟ್ಟುವುದೆಂದು ಮೊದಲು ಆತನೇ ಹೇಳುತ್ತಾನೆ, ಹೇಳಿಯೂ ಹೊರಡುತ್ತಾನೆ. ಕರೆದರೆ ಹಿಮ್ಮೆಟ್ಟಲಾರೆನೆಂಬುದು ಆತನು ಕೊಡುವ ಕಾರಣ. ಇದಕ್ಕಿಂತ ಮುಖ್ಯವಾದ ಮಾತು ವನಪರ್ವದಲ್ಲಿದೆ. ಭೀಮನು ನಿಷ್ಠುರವಾಗಿ ಆಕ್ಷೇಪಿಸಿದಾಗ ಧರ್ಮರಾಜನು ನಿಜವನ್ನು ಮುಚ್ಚಿಡುವುದಿಲ್ಲ. ದುರ್ಯೋಧನನ ರಾಜ್ಯವನ್ನು ಸೆಳೆದುಕೊಳ್ಳುವ ಆಸೆಯಿಂದಲೇ ತಾನು ದಾಳವನ್ನು ಹಿಡಿದೆನೆಂದು ಒಪ್ಪುತ್ತಾನೆ. ಶಕುನಿಯ ದಾಳಗಳು ಅವನ ಇಚ್ಛೆಯಂತೆಯೇ ಬೀಳುತ್ತಿರುವುದನ್ನು ಕಂಡಾಗ ಮನಸ್ಸನ್ನು ತಡೆಹಿಡಿಯಬಹುದಾಗಿತ್ತು, ಆದರೆ ಕೋಪವು ಮನುಷ್ಯನ ಧೈರ್ಯವನ್ನು ಕೊಲ್ಲುತ್ತದೆ ಎನ್ನುತ್ತಾನೆ. ಅಂದರೆ ಮೋಸವು ಕಣ್ಣಿಗೆ ಕಂಡಿತ್ತು. ಕಂಡ ಮೇಲೂ ಕೈ ಹಿಂದೆಗೆಯಲಿಲ್ಲ. ಆರಂಭದಲ್ಲಿ ಗೆಲ್ಲುವ ಆಸೆ, ನಡುವೆ ಸೋಲಿನ ಸಿಟ್ಟು, ಕೊನೆಗೆ ಸೋತದ್ದನ್ನು ಇನ್ನೊಂದೇ ಎಸೆತದಲ್ಲಿ ಮರಳಿಸುವ ಹಟ: ಶಕುನಿಯನ್ನು ಕಥೆಯಿಂದ ತೆಗೆದಿಟ್ಟರೂ ಈ ಮೂರು ಉಳಿಯುತ್ತವೆ.

ಗದುಗಿನ ನಾರಣಪ್ಪನ ಸಭಾಪರ್ವವು ಗಮಕಿಯ ಬಾಯಲ್ಲಿ ಕೇಳಬೇಕಾದದ್ದು. ಅಲ್ಲಿ ಪಣಗಳು ಒಂದರ ಬೆನ್ನಿಗೆ ಒಂದು ಹೋಗುವ ವೇಗವೇ ವ್ಯಸನದ ವೇಗವಾಗಿದೆ. ಭಂಡಾರ ಹೋಯಿತು, ಆನೆಕುದುರೆ ಹೋದವು, ತಮ್ಮಂದಿರು ಹೋದರು, ತಾನು ಹೋದನು, ಕೊನೆಗೆ ದ್ರೌಪದಿಯೂ ಹೋದಳು. ಎಲ್ಲಿಯೂ ಪಣವು ಕಿರಿದಾಗುವುದಿಲ್ಲ; ಸೋತಷ್ಟೂ ಹಿರಿದಾಗುತ್ತದೆ. ದ್ರೌಪದಿಯಾದರೋ ಸಭೆಗೆ ಕಳುಹಿದ್ದು ಒಂದು ಪ್ರಶ್ನೆಯನ್ನು: ಅರಸನು ಮೊದಲು ಸೋತದ್ದು ತನ್ನನ್ನೋ ಇಲ್ಲವೆ ಆಕೆಯನ್ನೋ? ಪಂಡಿತರು ಇದನ್ನು ಧರ್ಮಸೂಕ್ಷ್ಮದ ಪ್ರಶ್ನೆಯೆಂದು ವಿವರಿಸುತ್ತಾರೆ. ಮನೆಯ ಮಾತಿನಲ್ಲಿ ಅದರ ಅರ್ಥ ಇನ್ನೂ ಸರಳ: ತನ್ನ ಮೇಲೆಯೇ ಸ್ವಾಧೀನವಿಲ್ಲದವನಿಗೆ ಮನೆಯವರ ಬದುಕಿನ ಮೇಲೆ ಯಾವ ಹಕ್ಕು? ಭೀಷ್ಮದ್ರೋಣರು ಕುಳಿತ ಸಭೆಯು ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ವಿದುರನೂ ವಿಕರ್ಣನೂ ಮಾತ್ರ ನ್ಯಾಯದ ಮಾತನ್ನಾಡಿದರು. ಉಳಿದವರ ಮೌನವು ಶಕುನಿಯ ಕಪಟಕ್ಕಿಂತ ಕಡಿಮೆಯ ಅಪರಾಧವೆಂದು ಯಾವ ಕವಿಯೂ ಹೇಳಿಲ್ಲ.

ಇದೆಲ್ಲಕ್ಕಿಂತ ಮಿಗಿಲಾದದ್ದು ಅನುದ್ಯೂತ, ಎಂದರೆ ಎರಡನೆಯ ಆಟ. ರಂಗದ ಮೇಲೆ ದ್ರೌಪದಿಯ ಮಾನವುಳಿದ ಕ್ಷಣದಲ್ಲಿ ಪ್ರೇಕ್ಷಕರ ಮನಸ್ಸು ತಣಿಯುವುದರಿಂದ, ಮುಂದಿನ ಈ ಭಾಗವು ಅವಸರದಲ್ಲಿ ಮುಗಿದುಹೋಗುತ್ತದೆ. ಧೃತರಾಷ್ಟ್ರನು ವರಗಳನ್ನು ಕೊಟ್ಟನು; ಪಾಂಡವರು ದಾಸ್ಯದಿಂದ ಬಿಡುಗಡೆಯಾದರು; ಕಳೆದ ರಾಜ್ಯವೂ ಮರಳಿತು. ಧರ್ಮರಾಜನ ಮೇಲೆ ಒಂದು ಕಾಸಿನ ಸಾಲವೂ ಉಳಿಯಲಿಲ್ಲ. ಇಂದ್ರಪ್ರಸ್ಥದ ದಾರಿಯನ್ನು ಹಿಡಿದವನನ್ನು ಅವರು ಮತ್ತೊಮ್ಮೆ ಕರೆದರು. ಆತನು, ಇದರಿಂದ ಕೇಡೆಂದು ಬಲ್ಲವನಾಗಿಯೇ, ತಿರುಗಿ ಬಂದು ಕುಳಿತನು. ಒಂದೇ ಪಣ, ಒಂದೇ ಎಸೆತ. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ. ಮೊದಲನೆಯ ಸೋಲಿಗೆ ಕಪಟವನ್ನು ಕಾರಣವಾಗಿ ಹೇಳಬಹುದು. ಕಪಟವನ್ನು ಕಂಡ ಮೇಲೆ, ಎಲ್ಲವನ್ನೂ ಮರಳಿ ಪಡೆದ ಮೇಲೆ, ಎರಡನೆಯ ಬಾರಿ ಕುಳಿತದ್ದಕ್ಕೆ ಕಪಟವು ಕಾರಣವಾಗಲಾರದು. ಜೂಜಿನ ವ್ಯಸನವನ್ನು ಇಷ್ಟು ನಿರ್ದಯವಾಗಿ ತೋರಿಸಿದ ಇನ್ನೊಂದು ಪ್ರಸಂಗವು ಭಾರತೀಯ ಸಾಹಿತ್ಯದಲ್ಲಿ ದುರ್ಲಭ.

ಈ ಭಾಗವನ್ನು ಮರೆಯುವುದರಿಂದ ಸಂಸಾರಗಳಿಗೆ ಆಗುವ ಹಾನಿ ಸಣ್ಣದಲ್ಲ. ಮಗನೋ ಗಂಡನೋ ತಮ್ಮನೋ ಜೂಜಿನಲ್ಲಿ ಸಾಲಮಾಡಿದನೆಂದು ತಿಳಿದಾಗ ಮನೆಯವರು ಧೃತರಾಷ್ಟ್ರನ ಹಾದಿಯನ್ನೇ ಹಿಡಿಯುತ್ತಾರೆ. ಬಂಗಾರವನ್ನು ಅಡವಿಟ್ಟು, ತೊಗರಿ ಮಾರಿದ ಹಣವನ್ನು ಸುರಿದು, ಹೊಲದ ಒಂದು ತುಂಡನ್ನು ಕೊಟ್ಟು ಸಾಲವನ್ನು ತೀರಿಸುತ್ತಾರೆ; ದೇವರ ಮುಂದೆ ಆಣೆ ಮಾಡಿಸುತ್ತಾರೆ; ಎಲ್ಲವೂ ಮುಗಿಯಿತೆಂದು ನಿಟ್ಟುಸಿರು ಬಿಡುತ್ತಾರೆ. ಎರಡನೆಯ ಕರೆ ಬಂದೇ ಬರುತ್ತದೆಂಬುದನ್ನು ಕವಿ ಹೇಳಿದ್ದನು, ಅವರು ಕೇಳಿಸಿಕೊಂಡಿರಲಿಲ್ಲ. ಸಾಲ ತೀರುವುದು ಬೇರೆ, ವ್ಯಸನ ತೀರುವುದು ಬೇರೆ.

ಭಾರತದಲ್ಲಿಯೇ ಅಡಗಿರುವ ನಳೋಪಾಖ್ಯಾನವು ಈ ವಿಷಯಕ್ಕೆ ಇನ್ನೊಂದು ಕನ್ನಡಿ. ಕನ್ನಡದಲ್ಲಿ ಚೌಂಡರಸನು ಅದನ್ನು ಚಂಪುವಾಗಿ ಬರೆದನು. ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ಹಾಡಿದರು. ಚೌಂಡರಸನು ಪಂಢರಪುರದ ವಿಠಲನ ಭಕ್ತನೆಂದು ಪ್ರಸಿದ್ಧನು. ಆ ಪಂಢರಪುರದ ಮಗ್ಗುಲಲ್ಲಿ ಹರಿದ ಭೀಮೆಯೇ ಸೊನ್ನದ ಕಡೆಗೂ ಇಳಿದು ಬರುತ್ತಾಳೆ. ಮೂಲದ ಕಥೆಯಲ್ಲಿ ನಳನು ತಿಂಗಳುಗಟ್ಟಲೆ ಆಡುತ್ತಾನೆ. ಮಂತ್ರಿಗಳೂ ಪೌರರೂ ಬಾಗಿಲಿಗೆ ಬಂದು ನಿಂತರೂ, ದಮಯಂತಿಯು ಬಿನ್ನವಿಸಿದರೂ, ಅವನು ಮಾತನಾಡುವುದಿಲ್ಲ. ಆಗ ದಮಯಂತಿಯು ಮಾಡಿದ ಕೆಲಸವು ವಿಮರ್ಶಕರ ಕಣ್ಣಿಗೆ ಹೆಚ್ಚಾಗಿ ಬೀಳುವುದಿಲ್ಲ. ಗಂಡನ ಮನಸ್ಸು ತಿರುಗುವ ತನಕ ಕಾಯುತ್ತ ಕೂಡದೆ, ಸಾರಥಿಯಾದ ವಾರ್ಷ್ಣೇಯನನ್ನು ಕರೆಯಿಸಿ ಮಕ್ಕಳಿಬ್ಬರನ್ನೂ ಕುಂಡಿನಪುರದ ತವರಿಗೆ ಕಳುಹಿಸಿದಳು. ಆಮೇಲೆ ತಾನು ಗಂಡನ ಸಂಗಡವೇ ಉಳಿದಳು. ಉಳಿಸಬಹುದಾದದ್ದನ್ನು ಮೊದಲು ಉಳಿಸಬೇಕೆಂಬುದು ಪ್ರೀತಿಗೆ ವಿರುದ್ಧವಲ್ಲವೆಂದು ಆ ಕೆಲಸವು ತೋರಿಸುತ್ತದೆ.

ಈ ಕಥೆಗೆ ಒಂದು ಆಕ್ಷೇಪಣೆಯನ್ನು ತರಬಹುದು. ಕೊನೆಗೆ ನಳನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು, ಪುಷ್ಕರನೊಡನೆ ಮತ್ತೆ ಆಡಿ, ರಾಜ್ಯವನ್ನು ಗೆದ್ದನಲ್ಲವೇ? ಹಾಗಾದರೆ ವಿದ್ಯೆಯೊಂದು ಕೈವಶವಾದರೆ ಸೋತದ್ದನ್ನು ಗೆಲ್ಲಬಹುದೆಂದು ಕವಿಯೇ ಹೇಳಿದಂತಾಗಲಿಲ್ಲವೇ? ಈ ಆಕ್ಷೇಪಣೆಯು ತೇಲಿಸಿಬಿಡುವಂಥದಲ್ಲ. ಪ್ರತಿಯೊಬ್ಬ ಜೂಜುಗಾರನೂ ತನ್ನಲ್ಲಿ ಅಂಥದೊಂದು ಗುಟ್ಟಿದೆಯೆಂದೇ ನಂಬಿರುತ್ತಾನೆ. ಆದರೆ ಅಕ್ಷಹೃದಯವೆಂಬುದು ಏನು? ದಾಳಕ್ಕೆ ಕಾಯಾಗುತ್ತಿದ್ದ ತಾರೆಯ ಮರದ ಎಲೆಗಳನ್ನೂ ಹಣ್ಣುಗಳನ್ನೂ ರಥದಲ್ಲಿ ಕುಳಿತೇ ಎಣಿಸಿ ಹೇಳುವ ಸಂಖ್ಯಾಶಾಸ್ತ್ರವದು. ಆ ಲೆಕ್ಕವು ತಿಳಿದ ಕ್ಷಣದಲ್ಲಿಯೇ, ಮರಳಿ ಆಡುವುದಕ್ಕೆ ಬಹಳ ಮೊದಲು, ಕಲಿಯು ನಳನ ಮೈಯನ್ನು ಬಿಟ್ಟು ಹೊರಟನೆಂಬುದನ್ನು ಲಕ್ಷ್ಯದಲ್ಲಿಡಬೇಕು.

ಋತುಪರ್ಣನ ಆ ಲೆಕ್ಕವನ್ನು ಉತ್ತರ ಕರ್ನಾಟಕದಲ್ಲಿ ಹಬ್ಬಿರುವ ಮಟಕಾಕ್ಕೆ ಹಚ್ಚಿ ನೋಡಬಹುದು. ಈ ಆಟವು ಮುಂಬಯಿಯಲ್ಲಿ ಹುಟ್ಟಿದ್ದು. ನ್ಯೂಯಾರ್ಕಿನಿಂದ ಬರುತ್ತಿದ್ದ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಮೊದಲು ಜನ ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ದರಗಳು ಬರುವುದು ನಿಂತ ಮೇಲೆ ಗಡಿಗೆಯಿಂದ ಚೀಟಿಯನ್ನೂ ಅನಂತರ ಇಸ್ಪೀಟಿನ ಎಲೆಯನ್ನೂ ತೆಗೆದು ಅಂಕಿಯನ್ನು ಗೊತ್ತುಮಾಡತೊಡಗಿದರು. ಓಪನ್, ಕ್ಲೋಸ್ ಎಂಬ ಹೆಸರುಗಳು ಮಾತ್ರ ಉಳಿದವು. ಸೊನ್ನೆಯಿಂದ ಒಂಬತ್ತರ ತನಕ ಅಂಕಿಗಳು ಹತ್ತು. ಗೆದ್ದ ಅಂಕಿಗೆ ಒಂಬತ್ತು ಪಟ್ಟು ಹಣ ಕೊಡುವುದೆಂದು ಇಟ್ಟುಕೊಂಡರೆ, ಹತ್ತೂ ಅಂಕಿಗಳಿಗೆ ಹತ್ತು ಹತ್ತು ರೂಪಾಯಿ ಕಟ್ಟಿದವನು 100 ರೂಪಾಯಿ ಕೊಟ್ಟು 90 ರೂಪಾಯಿ ಪಡೆಯುತ್ತಾನೆ. ಅಂಕಿಯನ್ನು ಕನಸಿನಲ್ಲಿ ಕಂಡರೂ, ಹಳೆಯ ಫಲಗಳ ಪಟ್ಟಿಯಿಟ್ಟು ಗುಣಿಸಿದರೂ, ಈ ಹತ್ತು ರೂಪಾಯಿಯ ಕೊರತೆ ದಿನದಿನವೂ ಉಳಿಯುತ್ತದೆ. ಒಂದು ದಿನ ಗೆದ್ದವನು ಇನ್ನೊಬ್ಬನ ಸೋಲನ್ನು ಒಯ್ದಿರುತ್ತಾನೆ. ಹಲವು ದಿನ ಆಡಿದವನು ಕೊನೆಗೆ ತನ್ನದನ್ನೇ ಕೊಟ್ಟು ಏಳುತ್ತಾನೆ. ಇಲ್ಲಿ ಎದುರಾಳಿಯು ಮೋಸ ಮಾಡಬೇಕಾದ ಅಗತ್ಯವೇ ಇಲ್ಲ. ಗೆಲುವಿನ ಗುಟ್ಟು ಇಲ್ಲವೆಂಬುದೇ ಈ ಆಟದ ಅಕ್ಷಹೃದಯ. ಅದು ಮನಸ್ಸಿಗೆ ನಾಟಿದಾಗ ಕಲಿಯು ಸಡಿಲುವುದು ಸಾಧ್ಯ.

ಪ್ರಾಚೀನರು ಈ ವಿಷಯವನ್ನು ಕಾವ್ಯಕ್ಕೆ ಮಾತ್ರ ಬಿಟ್ಟಿರಲಿಲ್ಲ. ಮನುವು ದ್ಯೂತವನ್ನು ರಾಜ್ಯದಿಂದಲೇ ಹೊರದೂಡಬೇಕೆಂದನು. ಕೌಟಿಲ್ಯನೂ ಯಾಜ್ಞವಲ್ಕ್ಯನೂ ರಾಜಾಧಿಕಾರಿಯ ಕಣ್ಣೆದುರಿಗೆ ಗೊತ್ತಾದ ಸ್ಥಳದಲ್ಲಿ ನಡೆಯಲೆಂದರು. ಯಾಜ್ಞವಲ್ಕ್ಯನ ಮೇಲೆ ಮಿತಾಕ್ಷರಾ ಟೀಕೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಕಲಬುರಗಿಯ ಸಮೀಪದ ಮರತೂರಿನವನೆಂದು ಪ್ರತೀತಿಯೂ ಉಂಟು. ತಡೆಯಬೇಕೋ ಹದ್ದಿನಲ್ಲಿಡಬೇಕೋ ಎಂಬ ಈ ವಾದವು ಇನ್ನೂ ಮುಗಿದಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿಯನ್ನು ನಿಲ್ಲಿಸಿದರು. 2021ರಲ್ಲಿ ರಾಜ್ಯವು ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ತಡೆಯಲು ಮಾಡಿದ ತಿದ್ದುಪಡಿಯ ಮುಖ್ಯ ವಿಧಿಗಳನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಅಂಥ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಕಾಯಿದೆಯು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು. ಕರೆಯನ್ನು ಕೇಳುವ ಕಿವಿಯನ್ನು ಮುಚ್ಚುವುದು ಅದರ ಕೈಯಲ್ಲಿಲ್ಲ; ಮೊಬೈಲು ಫೋನು ಅಂಗೈಯಲ್ಲಿರುವ ಕಾಲದಲ್ಲಿ ಆ ಕರೆಯು ಹಾಸಿಗೆಯ ತನಕವೂ ಬರುತ್ತದೆ.

ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತವು ಈ ಕಿವಿಯನ್ನೇ ಕುರಿತದ್ದು. ಇನ್ನು ಆಡೆನೆಂದು ನಿಶ್ಚಯಿಸಿದವನು ದಾಳಗಳ ಸದ್ದು ಕೇಳಿದೊಡನೆ ಅಲ್ಲಿಗೇ ನಡೆಯುತ್ತಾನೆ. ಹೆಂಡತಿಯು ದೂರವಾಗಿದ್ದಾಳೆ, ತಾಯಿಯು ಅಳುತ್ತಾಳೆ. ಕೊನೆಯಲ್ಲಿ ಋಷಿಯು ದಾಳವನ್ನು ಬಿಟ್ಟು ಹೊಲವನ್ನು ಉಳೆಂದು ಬೋಧಿಸುತ್ತಾನೆ. ಭೀಮಾತೀರದ ಒಕ್ಕಲಿಗನು ಈ ಬೋಧೆಗೆ ನಕ್ಕಾನು. ಮಳೆ ಬರುವುದೋ ಇಲ್ಲವೋ, ಹೊಳೆ ಉಕ್ಕುವುದೋ ಇಲ್ಲವೋ, ತೊಗರಿಗೆ ದರ ನಿಲ್ಲುವುದೋ ಇಲ್ಲವೋ. ಒಕ್ಕಲುತನವೇ ಒಂದು ಜೂಜಲ್ಲವೇ ಎಂದು ಕೇಳಿಯಾನು. ಪ್ರಶ್ನೆಯು ಸಹಜವಾದರೂ ಎರಡಕ್ಕೂ ಅಂತರವುಂಟು. ಹೊಲವು ಸೋತವನನ್ನು ಅದೇ ರಾತ್ರಿ ಮತ್ತೆ ಕರೆಯುವುದಿಲ್ಲ. ಮುಂದಿನ ಹಂಗಾಮಿನ ತನಕ ಯೋಚಿಸಲು ಬಿಡುತ್ತದೆ. ಅಲ್ಲಿಯ ಸೋಲು ನೆರೆಯವನಿಗೆ ಗೆಲುವಾಗುವುದಿಲ್ಲ. ಕಾಯಕಕ್ಕೂ ಜೂಜಿಗೂ ಇರುವ ಭೇದವಿದು. ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಹಾಕಿ ಬರಬೇಕೆಂದು ಗಂಡನಿಗೆ ತಿಳಿಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು ಶರಣರು ಕೊಂಡಾಡಿದ್ದು ಈ ಭೇದದ ಅರಿವಿಗಾಗಿ. ದ್ರೌಪದಿ, ದಮಯಂತಿ, ಲಕ್ಕಮ್ಮ, ಈ ಮೂವರೂ ಮನೆಯೊಳಗಿನಿಂದ ಮಾತನಾಡಿದವರೆಂಬುದು ಗಮನಾರ್ಹ.

ಹಾಗಾದರೆ ಸಹಾಯವು ಹೇಗಿರಬೇಕು? ಇದಕ್ಕೂ ಭಾರತದಲ್ಲಿ ಉತ್ತರವಿದೆ. ವನಕ್ಕೆ ಬಂದ ಕೃಷ್ಣನು, ತಾನು ದ್ವಾರಕೆಯಲ್ಲಿದ್ದಿದ್ದರೆ ಕರೆಯದೆಯೂ ಆ ಸಭೆಗೆ ಬರುತ್ತಿದ್ದೆನೆಂದೂ, ದ್ಯೂತದ ದೋಷಗಳನ್ನು ತಿಳಿಸಿ ತಡೆಯುತ್ತಿದ್ದೆನೆಂದೂ, ಕೇಳದಿದ್ದರೆ ಬಲದಿಂದಲೇ ನಿಲ್ಲಿಸುತ್ತಿದ್ದೆನೆಂದೂ ಹೇಳುತ್ತಾನೆ. ಜೂಜಿನಲ್ಲಿ ಮುಳುಗಿದವನು ನಾಚಿಕೆಯಿಂದ ತಾನಾಗಿ ಕರೆಯುವುದಿಲ್ಲ, ಕರೆಯದಿದ್ದರೂ ಹೋಗಬೇಕಾಗುತ್ತದೆ. ಪಣವು ಏರುತ್ತಿರುವುದು, ಸೋತದ್ದನ್ನು ಹಿಂದೆ ಪಡೆಯಲು ಮತ್ತೆ ಆಡುವುದು, ಲೆಕ್ಕದಲ್ಲಿ ಸುಳ್ಳು, ಕಾರಣ ಹೇಳದ ಕೈಸಾಲ, ನಿದ್ದೆಗೇಡು, ಇವು ಅದರ ಕುರುಹುಗಳು. ವೈದ್ಯಶಾಸ್ತ್ರವು ಈ ವ್ಯಸನವನ್ನು ದುರ್ಗುಣವೆಂದು ಬೈದು ಬಿಡದೆ ರೋಗವೆಂದು ಪರಿಗಣಿಸುತ್ತದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದನ್ನು ಮದ್ಯ ಮೊದಲಾದ ಚಟಗಳ ಸಾಲಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರಲ್ಲಿ ಜಾರಿಗೆ ಬಂದ ರೋಗಪಟ್ಟಿಯಲ್ಲಿಯೂ ಇದು ಚಟಗಳ ವರ್ಗದಲ್ಲಿದೆ. ರೋಗವೆಂದ ಮೇಲೆ ಚಿಕಿತ್ಸೆಯೂ ಉಂಟು. ತಜ್ಞರೊಡನೆ ಕ್ರಮವಾಗಿ ನಡೆಸುವ ಮಾತುಕತೆಯೇ ಅದರಲ್ಲಿ ಮುಖ್ಯವಾದದ್ದು.

ಭಾರತ ಸರ್ಕಾರವು 2022ರ ಅಕ್ಟೋಬರ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಹಗಲೂ ರಾತ್ರಿಯೂ, ಹಣವಿಲ್ಲದೆ, ಕನ್ನಡದಲ್ಲಿಯೇ ಅಲ್ಲಿ ಮಾತನಾಡಬಹುದು; ರೋಗಿಯೇ ಕರೆಯಬೇಕೆಂದಿಲ್ಲ, ಮನೆಯವರೂ ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಫೋನು ಮತ್ತು ಅಂತರ್ಜಾಲದ ಗೀಳಿಗಾಗಿಯೇ 2014ರಿಂದ ಶಟ್ ಎಂಬ ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗಲಾರದವರು ಜಿಲ್ಲೆಯ ದೊಡ್ಡ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ವಿಚಾರಿಸಬೇಕು. ಮನೆಯವರು ಮಾಡಬೇಕಾದದ್ದೂ ಉಂಟು. ಸಾಲವೆಷ್ಟೆಂಬುದನ್ನು ಒಂದೇ ಸಲ ಪೂರ್ತಿಯಾಗಿ ಬರೆಯಿಸಿಕೊಳ್ಳಬೇಕು. ತೀರಿಸುವುದಾದರೆ ಹಣವನ್ನು ಅವನ ಕೈಗೆ ಕೊಡದೆ ನೇರವಾಗಿ ಸಾಲಗಾರರಿಗೆ ಮುಟ್ಟಿಸಬೇಕು. ಅವನ ಒಪ್ಪಿಗೆಯಿಂದ ಸಂಬಳ, ಪಾಸುಬುಕ್ಕು, ಫೋನಿನ ಹಣದ ಖಾತೆಗಳನ್ನು ಕೆಲವು ಕಾಲ ನಂಬಿಗಸ್ತರೊಬ್ಬರು ನೋಡಿಕೊಳ್ಳಬೇಕು. ಹತ್ತು ಜನರ ಮುಂದೆ ಹೀಯಾಳಿಸಬಾರದು, ಮುಚ್ಚಿಡಲೂಬಾರದು. ಬದುಕಿನ ಬೇಸರದ ಮಾತು ಬಂದರೆ ಅವನನ್ನು ಒಬ್ಬನೇ ಬಿಡದೆ ಆ ಕ್ಷಣವೇ ಸಹಾಯವನ್ನು ಕರೆಯಬೇಕು. ಗುಣವಾಗುವ ದಾರಿಯಲ್ಲಿ ಒಮ್ಮೆ ಕಾಲು ಜಾರಿದರೆ ಎಲ್ಲವೂ ವ್ಯರ್ಥವಾಯಿತೆಂದು ಕೈಬಿಡಬಾರದು.

ದ್ಯೂತಪ್ರಸಂಗವನ್ನು ಮುಂದೆ ವಾಚಿಸುವವರೂ ಆಡಿಸುವವರೂ ದ್ರೌಪದಿಯ ಅಕ್ಷಯಾಂಬರದಲ್ಲಿಯೇ ಮಂಗಳ ಹಾಡದೆ, ಎರಡನೆಯ ಕರೆಯ ತನಕ ಕಥೆಯನ್ನು ಒಯ್ದರೆ ಕಾವ್ಯಕ್ಕೂ ಕೇಳುವವರಿಗೂ ನ್ಯಾಯ ಸಲ್ಲುತ್ತದೆ. ಆ ಕರೆ ಬಂದಾಗ ಧರ್ಮರಾಜನ ತೋಳನ್ನು ಹಿಡಿಯುವವರು ದಾರಿಯಲ್ಲಿ ಯಾರೂ ಇರಲಿಲ್ಲ. ಆ ದಿನ ಹಸ್ತಿನಾವತಿಗೆ ತಿರುಗಿದ ರಥವನ್ನು ಈಗ ನಿಲ್ಲಿಸುವುದು ಯಾರಿಂದಲೂ ಆಗದು. ಮನೆಯ ಬಾಗಿಲಿನಿಂದ ಹೊರಡುವವನನ್ನು ತಡೆದು ಕೂಡಿಸಿ ಮಾತನಾಡಿಸುವುದು ಆಗುತ್ತದೆ.